ಮಾತು ಬರಿಸುವ ಏಟು

ನನ್ನ ತಮ್ಮ ತನ್ನ ಮಗನಿಗೆ ಮಾತು ಬರಲಿ ಎಂದು ಹೊಡೆಯುತ್ತಿದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವ ಸಹನೆ ನನಗಿಲ್ಲ. ಹುಡುಗನಿಗೆ ಮೂರು ತುಂಬುತ್ತ ಬಂದಿತ್ತು. ಅಮ್ಮ ಅನ್ನುತ್ತಿರಲಿಲ್ಲ, ಅಪ್ಪ ಅನ್ನುತ್ತಿರಲಿಲ್ಲ. ನೀರು ಬೇಕಾದರೆ ಲೋಟ ತಂದು ಯಾರದಾದರೂ ಮಡಿಲಿಗೆ ಹಾಕುತ್ತಿದ್ದ. ಹಸಿವಾದರೆ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದ, ಅಷ್ಟೇ.

ನಾನು ಮೊದಲ ಸಲ ಅದನ್ನು ಕಣ್ಣಾರೆ ಕಂಡದ್ದು ಮಾವಳ್ಳಿಯ ನಮ್ಮ ತವರುಮನೆಯಲ್ಲಿ, ಒಂದು ಸಂಜೆ. ತಮ್ಮ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಮಗನನ್ನು ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡಿದ್ದ. ಒಂದು ಕೈಯಲ್ಲಿ ಬಿಸ್ಕತ್ತು. 'ಅಪ್ಪ ಅನ್ನು' ಎಂದ. ಮಗು ಬಿಸ್ಕತ್ತನ್ನು ನೋಡಿತು. ಕೆನ್ನೆಗೆ ಫಟಾರನೆ ಒಂದು ಬಿತ್ತು. 'ಅಪ್ಪ ಅನ್ನು.' ಇನ್ನೊಂದು. ಆಟಕ್ಕೆ ಹೊಡೆದ ಏಟಲ್ಲ, ಬೆರಳು ಮೂಡುವ ಏಟು. ಮಗುವಿನ ಬಾಯಿ ಅಗಲವಾಗಿ ತೆರೆದುಕೊಂಡಿತು, ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಸುರಿಯಿತು. ಆದರೆ ಸದ್ದು ಬರಲಿಲ್ಲ. ಆ ಮಗುವಿಗೆ ಸದ್ದು ಮಾಡದೆ ಅಳುವುದು ಗೊತ್ತಿತ್ತು. ನಾನು ಮಗುವನ್ನು ಕಿತ್ತುಕೊಂಡೆ. ತಮ್ಮ ಎದ್ದು ಬಿಸ್ಕತ್ತನ್ನು ತಾನೇ ಬಾಯಿಗೆ ಹಾಕಿಕೊಂಡು ಹೋದ.

ಅವ್ವ ಅಲ್ಲೇ ಗೋಡೆಗೆ ಒರಗಿ ಕೂತು ಹೂ ಕಟ್ಟುತ್ತಿದ್ದಳು. ಊರಿನಿಂದ ಬಂದ ನೆಂಟರಲ್ಲಿ ಯಾರೋ ಹಿರಿಯರು ಹೇಳಿದ್ದರಂತೆ, ಬೆದರಿದರೆ ಬಾಯಿ ಬಿಡುತ್ತದೆ ಎಂದು. ಬಜೆ ತೇದು ನಾಲಿಗೆಗೆ ಹಚ್ಚಿಯಾಗಿತ್ತು. ಊರ ದೇವರಿಗೆ ಗಂಟೆ ಕಟ್ಟಿಸುತ್ತೇನೆಂದು ಹರಕೆ ಹೊತ್ತಾಗಿತ್ತು. ಇನ್ನು ಉಳಿದಿರುವುದು ಇದೊಂದೇ ಎಂದು ಅವ್ವ ಸಮಾಧಾನವಾಗಿ ವಿವರಿಸಿದಳು. ಮೊಮ್ಮಗನನ್ನು ಕಂಡರೆ ಅವಳಿಗೆ ಪ್ರಾಣ. ಅವಳ ಲೆಕ್ಕದಲ್ಲಿ ಆ ಏಟೂ ಒಂದು ಮದ್ದು, ಸ್ವಲ್ಪ ಖಾರದ್ದು.

ನಮ್ಮದು ಮಾಗಡಿ ಕಡೆಯ ಒಕ್ಕಲು ಮನೆತನ. ಅಪ್ಪ ಪಟ್ಟಣಕ್ಕೆ ಬಂದು ವಠಾರದಲ್ಲಿ ಇದ್ದುಕೊಂಡು ಮಾರ್ಕೆಟ್ಟಿನಲ್ಲಿ ಹೂವಿನ ಬುಟ್ಟಿ ಹೊತ್ತವನು, ಆಮೇಲೆ ಹೂವಿನ ಮಂಡಿ ಹಾಕಿದವನು, ಆಮೇಲೆ ಮಾವಳ್ಳಿಯಲ್ಲಿ ಹಳೇ ಮನೆ ಕೊಂಡು ಕೆಡವಿ ಮಹಡಿ ಮೇಲೆ ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟವನು. ಮನೆ ಹೊಸದಾಯಿತು, ಮಕ್ಕಳನ್ನು ಬೆಳೆಸುವ ರೀತಿ ಮಾತ್ರ ಊರಿನಿಂದ ಮೂಟೆ ಕಟ್ಟಿಕೊಂಡು ಬಂದದ್ದೇ. ಎಲ್ಲವನ್ನೂ ಏಟಿನಿಂದಲೇ ಕಲಿಸುತ್ತಿದ್ದರು. ನಾನು ಎಡಗೈಯಲ್ಲಿ ಉಣ್ಣುತ್ತಿದ್ದೆನೆಂದು ಆ ಕೈಯ ಗೆಣ್ಣುಗಳ ಮೇಲೆ ಸೌಟಿನಲ್ಲಿ ಹೊಡೆದು ಹೊಡೆದು ಬಲಗೈ ರೂಢಿ ಮಾಡಿಸಿದರು. ತಮ್ಮ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆಂದು ಕಾದ ಚಮಚವನ್ನು ಅವನ ತೊಡೆಗೆ ಇಟ್ಟರು. ಮಾಂಸ ಸುಟ್ಟ ವಾಸನೆ ಬಂದಾಗ ಅವ್ವ ಕಿಟಕಿ ತೆರೆದಳು. ಒಂದು ದಿನ ನಾನು ಎದುರು ಮಾತಾಡಿದೆನೆಂದು ಅಪ್ಪ ಹೊಡೆದ ಹೊಡೆತಕ್ಕೆ ಕಿವಿಯಿಂದ ರಕ್ತ ಬಂತು. ಇವತ್ತಿಗೂ ನನ್ನ ಎಡಗಿವಿ ಅರ್ಧ ಮಾತ್ರ ಕೇಳುತ್ತದೆ.

ಇನ್ನೊಂದು ಪದ್ಧತಿಯೂ ಇತ್ತು. ಹಿರಿಯರ ಎದುರಿಗೆ ಹೆತ್ತವರು ತಮ್ಮ ಮಗುವನ್ನು ಎತ್ತಿ ಮುದ್ದಾಡಬಾರದು. ಅದು ನಾಚಿಕೆಗೆಟ್ಟ ನಡತೆ. ತಾಯಿಯ ಕಣ್ಣೇ ಮಗುವಿಗೆ ತಾಕುತ್ತದೆ ಎಂದು ಅವಳು ಅದನ್ನು ಹೆಚ್ಚು ಹೊತ್ತು ನೋಡುತ್ತ ಕೂರುವಂತೆಯೂ ಇರಲಿಲ್ಲ. ಊರಿನಲ್ಲಿ ಇದು ನಡೆಯುತ್ತಿತ್ತು, ಯಾಕೆಂದರೆ ಅಲ್ಲಿ ಎತ್ತಿಕೊಳ್ಳಲು ಚಿಕ್ಕಮ್ಮಂದಿರು, ದೊಡ್ಡಮ್ಮಂದಿರು, ಪಕ್ಕದ ಮನೆಯ ಅಜ್ಜಿ, ದನ ಕಾಯುವವರು ಎಲ್ಲ ಇದ್ದರು. ಮಗು ಯಾರದೋ ಸೊಂಟದ ಮೇಲೆ ಕೂತು ಇಡೀ ಊರಿನ ಮಾತು ಕೇಳುತ್ತಿತ್ತು. ನಮ್ಮಪ್ಪ ತೀರಿಕೊಂಡ ಮೇಲೆ ಮಾವಳ್ಳಿಯ ಮಹಡಿಯಲ್ಲಿ ಇದ್ದದ್ದು ಒಬ್ಬ ಅಜ್ಜಿ, ಒಬ್ಬ ಅಪ್ಪ, ಒಬ್ಬ ತಾಯಿ. ಪದ್ಧತಿ ಮಾತ್ರ ಊರಿನದೇ.

ತಮ್ಮನ ಕಸುಬು ಮಂಟಪದ ಹೂವಿನ ಅಲಂಕಾರ. ಮದುವೆಗೆ, ಗೃಹಪ್ರವೇಶಕ್ಕೆ ಛತ್ರಗಳಲ್ಲಿ ರಾತ್ರಿಯೆಲ್ಲ ನಿಂತು ಹೂ ಕಟ್ಟಿಸುವುದು, ಬೆಳಿಗ್ಗೆ ಮನೆಗೆ ಬಂದು ಸಂಜೆಯವರೆಗೆ ಮಲಗುವುದು. ಅವನು ಮಲಗಿದನೆಂದರೆ ಆ ಮನೆ ಉಸಿರು ಬಿಗಿಹಿಡಿಯುತ್ತಿತ್ತು. ಕಾಲಿಂಗ್ ಬೆಲ್ಲಿನ ತಂತಿ ಕಿತ್ತಿದ್ದರು. ಕುಕ್ಕರ್ ಕೂಗುತ್ತದೆಂದು ಅನ್ನವನ್ನು ಪಾತ್ರೆಯಲ್ಲೇ ಬೇಯಿಸುತ್ತಿದ್ದರು. ಮಿಕ್ಸಿ ಮುಟ್ಟುತ್ತಿರಲಿಲ್ಲ. ಅವ್ವ ಧಾರಾವಾಹಿಗಳನ್ನು ಸದ್ದು ತೆಗೆದು ನೋಡುತ್ತಿದ್ದಳು, ಯಾರು ಯಾರಿಗೆ ವಿಷ ಹಾಕಿದರೆಂದು ಮುಖ ನೋಡಿಯೇ ಹೇಳುತ್ತಿದ್ದಳು. ಮಗು ಬಾಯಿ ತೆರೆದರೆ ತುಟಿಯ ಮೇಲೆ ಬೆರಳು. ಹಟ ಮಾಡಿದರೆ ಕೈಗೆ ಮೊಬೈಲು, ಅದರ ಸದ್ದೂ ಬಂದ್. ಹುಟ್ಟಿದಾಗಿನಿಂದ ಆ ಮಗು ಕಂಡದ್ದೆಲ್ಲ ಬಾಯಿ ಆಡಿಸುವ ಮೂಕ ಗೊಂಬೆಗಳು.

ತಮ್ಮನ ಹೆಂಡತಿ ಕುಣಿಗಲ್ ಕಡೆಯ ಹುಡುಗಿ, ಹಳ್ಳಿಯಲ್ಲೇ ಬೆಳೆದವಳು. ಮದುವೆಯ ದಿನ ನಾನು ಅವಳಿಗೆ ಸೀರೆ ಉಡಿಸುವಾಗ ಅವಳ ಬಾಯಿ ಒಂದು ಕ್ಷಣ ನಿಲ್ಲಲಿಲ್ಲ. ತನ್ನ ಹಸು ಒದೆಯುವ ವಿಷಯ, ತನ್ನ ಅಣ್ಣ ಪಂಪ್‌ಸೆಟ್ಟಿನ ಗುಂಡಿಗೆ ಬಿದ್ದ ವಿಷಯ, ಎಲ್ಲ ಹೇಳಿ ನನ್ನನ್ನು ನಗಿಸಿದ್ದಳು. ಆಮೇಲೆ ಕೆಲವು ತಿಂಗಳು ಬಿಟ್ಟು ಹೋದಾಗ ಬಾಗಿಲು ತೆಗೆದವಳು ಬೇರೆ ಯಾರೋ ಅನ್ನಿಸಿತು. ಕೇಳಿದ್ದಕ್ಕೆ ತಲೆ ಆಡಿಸುತ್ತಿದ್ದಳು. ಅವಳ ತಾಯಿ ತೀರಿಕೊಂಡಿದ್ದರಿಂದ ಬಾಣಂತನವೂ ಮಾವಳ್ಳಿಯಲ್ಲೇ ಆಯಿತು. ಸೊಸೆ ಬಲು ಸಾಧು ಎಂದು ಅವ್ವ ಬೀದಿಗೆಲ್ಲ ಹೇಳಿಕೊಂಡು ಬಂದಳು.

ನನ್ನ ಮನೆ ಶಂಕರಪುರದಲ್ಲಿ. ಗಂಡ ತೀರಿಕೊಂಡ ಮೇಲೆ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. ಅವಳು ಒಂದು ವರ್ಷಕ್ಕೇ ಬಾಯಿ ಬಿಟ್ಟವಳು, ಯಾಕೆಂದರೆ ಅವಳನ್ನು ಮಿಷನ್ನಿನ ಪಕ್ಕದಲ್ಲಿ ಮಲಗಿಸಿಕೊಂಡು ನಾನು ಬಾಯಿಗೆ ಬಂದದ್ದನ್ನೆಲ್ಲ ಒದರುತ್ತಿದ್ದೆ. ಗಿರಾಕಿಗಳ ಮೇಲಿನ ಸಿಟ್ಟನ್ನೂ ಆ ಕೂಸಿಗೇ ಹೇಳುತ್ತಿದ್ದೆ. ಅದು ಮಗು ಬೆಳೆಸುವ ವಿದ್ಯೆ ಎಂದು ನನಗೇನೂ ಗೊತ್ತಿರಲಿಲ್ಲ, ನನಗೆ ಸುಮ್ಮನಿರಲು ಬರುವುದಿಲ್ಲ ಅಷ್ಟೇ.

ಹಾಗಾಗಿ ತಮ್ಮನ ಮಗನ ವಿಷಯದಲ್ಲಿ ನನಗೆ ಮೊದಲು ಬಂದ ಅನುಮಾನ ಕಿವಿಯದು. ನನ್ನ ಕಿವಿಗೆ ಆದದ್ದೇ ಅವನಿಗೂ ಆಗಿದ್ದರೆ ಎಂದು ಹೆದರಿಕೆ. ತಮ್ಮ ಮಲಗಿದ್ದ ಒಂದು ಬೆಳಿಗ್ಗೆ ತಾಯಿ ಮಗು ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಚಾಮರಾಜಪೇಟೆಯ ಒಬ್ಬರು ಮಕ್ಕಳ ಡಾಕ್ಟರ ಹತ್ತಿರ ಹೋದೆ. ಅವರು ಕಿವಿ ಪರೀಕ್ಷೆ ಮಾಡಿಸಿದರು. ಕಿವಿ ಚೆನ್ನಾಗಿತ್ತು, ಪುಣ್ಯ. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಮನೆಯಲ್ಲಿ ಮಗುವಿನ ಜೊತೆ ಯಾರು ಮಾತಾಡುತ್ತೀರಿ ಎಂದು ಕೇಳಿದರು. ನಾನು ತಮ್ಮನ ಹೆಂಡತಿಯ ಮುಖ ನೋಡಿದೆ. ಅವಳು ಸೆರಗಿನ ತುದಿ ನೋಡುತ್ತಿದ್ದಳು.

ಡಾಕ್ಟರು ಸಿಟ್ಟಾಗಲಿಲ್ಲ. ಸ್ನಾನ ಮಾಡಿಸುವಾಗ, ಉಣ್ಣಿಸುವಾಗ, ಬಟ್ಟೆ ಹಾಕುವಾಗ ಮಾಡುತ್ತಿರುವುದನ್ನೇ ಬಾಯಲ್ಲಿ ಹೇಳುತ್ತ ಹೋಗಿ ಎಂದರು. ಮಗು ತಿರುಗಿ ಉತ್ತರ ಕೊಡದಿದ್ದರೂ ಸರಿ, ಹೇಳುತ್ತಲೇ ಇರಿ ಎಂದರು. ಮೊಬೈಲು ಎತ್ತಿಡಿ ಎಂದರು. ಕೆನ್ನೆಯ ಮೇಲಿನ ಗುರುತು ನೋಡಿ, ಹೊಡೆದರೆ ಇರುವ ಮಾತೂ ಒಳಗೆ ಹೋಗುತ್ತದೆ ಎಂದು ಖಾರವಾಗಿಯೇ ಹೇಳಿದರು.

ಇದನ್ನು ನಾನು ಮಾವಳ್ಳಿಗೆ ಬಂದು ವರದಿ ಮಾಡಿದೆ. ತಮ್ಮ ಆಗ ತಾನೆ ಎದ್ದು ಕಾಫಿ ಕುಡಿಯುತ್ತಿದ್ದ. ನಕ್ಕ.

'ಮಾತೇ ಬರ್ದಿರೋನ್ ಹತ್ರ ಏನಕ್ಕ ಮಾತಾಡೋದು? ಗೋಡೆ ಹತ್ರ ಮಾತಾಡ್ದಂಗೆ. ಅದಕ್ಕೆ ಮಾತು ಬರ್ಲಿ, ಆಮೇಲ್ ಮಾತಾಡಣ.'

ನಾನು ಬಿಡಲಿಲ್ಲ. ಅವನೂ ಬಿಡಲಿಲ್ಲ. ಅಪ್ಪ ನಮ್ಮ ಹತ್ತಿರ ಯಾವತ್ತು ಕೂತು ಮಾತಾಡಿದ್ದ, ನಾವು ಮಾತು ಕಲಿಯಲಿಲ್ಲವಾ ಎಂದ. ನಾವು ಕಲಿತದ್ದು ವಠಾರದ ಹೆಂಗಸರ ಕಾಲ ಬುಡದಲ್ಲಿ ಕಣೋ, ನಲ್ಲಿ ಜಗಳದಲ್ಲಿ ಕಲಿತೆವು, ಈ ಮಹಡಿಯಲ್ಲಿ ನೊಣ ಹಾರಿದರೂ ನೀನು ಎದ್ದು ಬರುತ್ತೀಯ ಎಂದೆ. ಅವನು ಲೋಟವನ್ನು ಟೇಬಲ್ಲಿಗೆ ಕುಕ್ಕಿದ. ರಾತ್ರಿಯೆಲ್ಲ ನಿಂತು ದುಡಿಯುವವನಿಗೆ ನಿದ್ದೆ ಬೇಡವಾ ಎಂದು ಅವ್ವ ನಡುವೆ ಬಂದಳು. ಮಾತು ಅಲ್ಲಿಗೇ ಮುಗಿಯಿತು. ಆ ಮನೆಯಲ್ಲಿ ಗಂಡಸಿನ ನಿದ್ದೆಯ ಮುಂದೆ ಯಾವ ಮಾತೂ ನಿಲ್ಲುತ್ತಿರಲಿಲ್ಲ.

ಸರಿ, ನೇರ ಹೋದರೆ ಆಗುವುದಿಲ್ಲ ಎಂದು ಉಪಾಯ ಹೂಡಿದೆ. ಸೊಸೆಗೆ ಬ್ಲೌಸ್ ಹೊಲಿಯುವುದು ಕಲಿಸುತ್ತೇನೆ, ಬೆಳಿಗ್ಗೆ ಅವನು ಮಲಗಿದ ಮೇಲೆ ಮಗುವನ್ನೂ ಕರೆದುಕೊಂಡು ನಮ್ಮ ಮನೆಗೆ ಬರಲಿ, ನಿನ್ನ ಮಗನಿಗೆ ನಿದ್ದೆಯೂ ಚೆನ್ನಾಗಿ ಬರುತ್ತದೆ ಎಂದು ಅವ್ವನಿಗೆ ಹೇಳಿದೆ. ನಿದ್ದೆ ಅಂದದ್ದೇ ತಡ, ಅವ್ವ ಒಪ್ಪಿಬಿಟ್ಟಳು.

ಮೊದಮೊದಲು ಏನೂ ಆಗಲಿಲ್ಲ. ಅವಳು ಗುಂಡಿ ಹಾಕುತ್ತ, ಅಂಚು ಮಡಿಸುತ್ತ ಮೂಲೆಯಲ್ಲಿ ಕೂರುತ್ತಿದ್ದಳು. ಮಗು ಅವಳ ಪಕ್ಕದಲ್ಲಿ ಬಟ್ಟೆ ಚೂರುಗಳ ರಾಶಿಯಲ್ಲಿ. ಮಾತೆಲ್ಲ ನನ್ನದೇ. ಗಿರಾಕಿಗಳು ಬಂದು ಹೋಗುತ್ತಿದ್ದರು, ತೋಳು ಬಿಗಿಯಾಯಿತು ಎಂದು ಜಗಳ ತೆಗೆಯುತ್ತಿದ್ದರು, ನಾನು ನಿಮ್ಮ ತೋಳೇ ದಪ್ಪವಾಗಿದೆ ಎಂದು ತಿರುಗಿಸಿ ಕೊಡುತ್ತಿದ್ದೆ. ಮಗು ಪ್ರತಿಯೊಂದು ಗಟ್ಟಿ ದನಿಗೂ ಕತ್ತು ಹುದುಗಿಸುತ್ತಿತ್ತು. ಎಲ್ಲಿಂದ ಏಟು ಬರುತ್ತದೋ ಎಂದು ಸುತ್ತ ನೋಡುತ್ತಿತ್ತು. ಏಟು ಬಾರದಿದ್ದರೆ ಇನ್ನೂ ಹೆಚ್ಚು ಹೆದರುತ್ತಿತ್ತು.

ಒಂದು ದಿನ ನಾನು ಬೇಕೆಂದೇ ಅವಳ ಒದೆಯುವ ಹಸುವಿನ ಸುದ್ದಿ ಎತ್ತಿದೆ. ಅದು ಇನ್ನೂ ಇದೆಯಾ, ಮಾರಿದಿರಾ ಎಂದೆ. ಅವಳು ಬಹಳ ಹೊತ್ತು ಸೂಜಿ ಆಡಿಸಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ಆಮೇಲೆ ಮಗುವನ್ನು ನೋಡುತ್ತ, ಅದಕ್ಕೇ ಹೇಳುವ ಹಾಗೆ, ಅದು ಕರು ಹಾಕಿದೆ ಎಂದಳು. ದನಿ ಒರಟಾಗಿತ್ತು, ಉಪಯೋಗಿಸದೆ ಇಟ್ಟ ಬಾಗಿಲಿನದು. ಕರುವಿನ ಹಣೆ ಬಿಳಿ ಎಂದಳು. ಅದರ ಮೂಗು ಒದ್ದೆ ಎಂದಳು. ಮಗು ಬಟ್ಟೆ ಚೂರು ಬಿಟ್ಟು ತಲೆ ಎತ್ತಿತು. ಎದ್ದು ಬಂದು ತಾಯಿಯ ಮುಂದೆ ಕೂತು, ಅವಳ ಬಾಯೊಳಗೆ ಬೆರಳು ಹಾಕಿ ನೋಡಿತು. ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಿತ್ತು ಪಾಪ. ಅವಳು ಆ ಬೆರಳನ್ನು ಕಚ್ಚಿಕೊಂಡೇ ಅಳತೊಡಗಿದಳು, ಜೋರಾಗಿ. ನಾನು ಮಿಷನ್ ತುಳಿಯುತ್ತಲೇ ಇದ್ದೆ, ಅವಳಿಗೆ ನಾಚಿಕೆಯಾಗದಿರಲಿ ಎಂದು.

ಆ ದಿನವೇ ಅವಳು ಹೇಳಿದ್ದು. ಮಗು ಮೂರು ತಿಂಗಳದ್ದಿದ್ದಾಗ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀರು ಹಾಕುತ್ತಿದ್ದಳಂತೆ. ಅವ್ವ ಅಂಗಡಿಗೆ ಹೋಗಿದ್ದಳು. ಯಾರೂ ಇಲ್ಲವೆಂದು ಬಾಯಿಗೆ ಬಂದ ಮುದ್ದಿನ ಮಾತೆಲ್ಲ ಆಡುತ್ತಿದ್ದಳಂತೆ, ಮಗುವೂ ಊ ಊ ಎನ್ನುತ್ತಿತ್ತಂತೆ. ನನ್ನ ತಮ್ಮ ನಿದ್ದೆಗಣ್ಣಲ್ಲಿ ಬಚ್ಚಲಿಗೆ ನುಗ್ಗಿದ. ಹಿತ್ತಾಳೆ ಚೊಂಬಿನಿಂದ ಅವಳ ಹೆಗಲಿಗೆ ಹೊಡೆದ. ಅವಳು ಬಾಗಿ ಮಗುವನ್ನು ಮುಚ್ಚಿಕೊಂಡದ್ದಕ್ಕೆ ಬೆನ್ನಿಗೆ ಹೊಡೆದ. ಎಣ್ಣೆ ಮೈಯ ಮಗು ಕಾಲಿನಿಂದ ಜಾರಿ ನೆಲಕ್ಕೆ ಬಿತ್ತು, ಕಿರುಚಿತು. ಅವನು ಆ ಪುಟ್ಟ ಬಾಯನ್ನೂ ಅಂಗೈಯಲ್ಲಿ ಒತ್ತಿಹಿಡಿದ. ಮುಖ ನೀಲಿಯಾಗುವವರೆಗೆ ಬಿಡಲಿಲ್ಲ ಎಂದಳು. ಅವತ್ತಿನಿಂದ ತಾನು ಮಗುವಿನ ಹತ್ತಿರ ಮಾತಾಡುವುದನ್ನೇ ಬಿಟ್ಟೆ, ಮಾತಾಡಿದರೆ ಅದೂ ಮಾತಾಡುತ್ತೆ, ಆಗ ಸಾಯಿಸಿಬಿಡುತ್ತಾರೆ ಎಂದಳು. ಆ ಹುಡುಗಿ ಮಗುವನ್ನು ಮೂಕ ಮಾಡಿ ಉಳಿಸಿಕೊಂಡಿದ್ದಳು. ಅವಳಿಗೆ ಮಗು ಬೆಳೆಸುವುದು ಗೊತ್ತಿಲ್ಲ ಎಂದು ಡಾಕ್ಟರ ಮುಂದೆ ಒಂದು ಗಳಿಗೆ ನಾನೂ ಅಂದುಕೊಂಡಿದ್ದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಆಮೇಲೆ ಅವಳ ಬಾಯಿ ನಿಲ್ಲಲಿಲ್ಲ. ಬಾಗಿಲು ದಾಟಿದರೆ ಸಾಕು, ಶುರು. ಇದು ದಾರ, ಇದು ಕೆಂಪು, ಇಗೋ ಸೂಜಿ ಚುಚ್ಚತ್ತೆ, ಅಗೋ ಕಾಗೆ ಬಂತು ನೋಡು. ಕಿಟಕಿಗೆ ಕಾಗೆ ಬಂದರೆ ಮಗು ಕೈ ತೋರಿಸಿ 'ಕಾ' ಎನ್ನತೊಡಗಿತು. ನನ್ನ ಮಿಷನ್ ಓಡಿದರೆ ಅದರ ಜೊತೆಗೇ ತುಟಿ ನಡುಗಿಸಿ ಬ್ರ್‌ರ್ ಎಂದು ಸದ್ದು ಮಾಡುತ್ತಿತ್ತು, ಉಗುಳು ಹಾರುವ ಹಾಗೆ. ನಾವಿಬ್ಬರೂ ನಗುತ್ತಿದ್ದೆವು. ಮಾತು ಇನ್ನೇನು ಬಾಗಿಲಿಗೆ ಬಂದಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಅದರ ಮೊದಲ ಮಾತು ಅಮ್ಮ ಆಗಿರುತ್ತದೋ ಅತ್ತೆ ಆಗಿರುತ್ತದೋ ಎಂದು ನಾನು ಅವಳನ್ನು ರೇಗಿಸುತ್ತಿದ್ದೆ. ಮನೆಗೆ ಹೋಗುವಾಗ ಮಾತ್ರ ಅವಳು ಮಗುವಿನ ತುಟಿಯ ಮೇಲೆ ಬೆರಳಿಟ್ಟು ಕರೆದುಕೊಂಡು ಹೋಗುತ್ತಿದ್ದಳು.

ಎಷ್ಟು ದಿನ ಅಂತ ಬೆರಳಿಡುವುದು? ಒಂದು ದಿನ ಮನೆಗೆಲಸ ಹೆಚ್ಚಿತ್ತೆಂದು ಅವಳು ಬಂದಿರಲಿಲ್ಲ. ಅವ್ವನ ಬ್ಲೌಸ್ ಕೊಡಲು ನಾನೇ ಮಧ್ಯಾಹ್ನ ಮಾವಳ್ಳಿಗೆ ಹೋಗಿದ್ದೆ. ತಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ಮಗು ನಡುಮನೆಯಲ್ಲಿ ಬೆಂಕಿಪೊಟ್ಟಣ ಹಿಡಿದು ನೆಲದ ಮೇಲೆ ಓಡಿಸುತ್ತಿತ್ತು. ನನ್ನನ್ನು ನೋಡಿದ್ದೇ ಮುಖ ಅರಳಿತು. ನನ್ನನ್ನು ಕಂಡರೆ ಅದಕ್ಕೆ ಮಿಷನ್ನೇ ನೆನಪು. ಬ್ರ್‌ರ್ ಎಂದು ಗಟ್ಟಿಯಾಗಿ ಸದ್ದು ಮಾಡಿತು. ಅವ್ವ ಶ್ ಎಂದಳು. ಅದು ಇನ್ನೂ ಜೋರಾಗಿ ಮಾಡಿತು. ನಾನು ಎತ್ತಿಕೊಳ್ಳಲು ಬಗ್ಗುವಷ್ಟರಲ್ಲಿ ಬಾಗಿಲು ಗೋಡೆಗೆ ಬಡಿಯಿತು.

ಅವನ ಕಣ್ಣು ಕೆಂಡವಾಗಿತ್ತು. ಒಂದೇ ಏಟಿಗೆ ಮಗು ಹಾರಿ ಚಪ್ಪಲಿ ಸ್ಟ್ಯಾಂಡಿಗೆ ಬಡಿಯಿತು. ಒದೆಯಲು ಕಾಲೆತ್ತಿದ್ದ. ಅಡುಗೆಮನೆಯಿಂದ ಹುಡುಗಿ ಓಡಿಬಂದು ಅವನ ಕಾಲಿಗೂ ಮಗುವಿಗೂ ನಡುವೆ ನಿಂತಳು.

'ಹೊಡೀಬೇಡಿ. ಅದು ಮಾತು ಕಲೀತಿದೆ' ಎಂದಳು.

ಆ ಮನೆಯಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಅವ್ವ ಹೂ ಕಟ್ಟುವ ಕೈ ನಿಲ್ಲಿಸಿದಳು. ತಮ್ಮನಿಗೂ ಒಂದು ಕ್ಷಣ ಯಾರು ಮಾತಾಡಿದ್ದೆಂದು ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಶುರುವಾಯಿತು. 'ಬಾಯ್ಮುಚ್ಚೇ' ಎಂದು ಕೆನ್ನೆಗೆ. 'ಬಾಯ್ಮುಚ್ಚೇ' ಎಂದು ಬಾಯಿಗೆ, ಮುಷ್ಟಿಯಿಂದ. ನಾನು ಅವನ ಕೈ ಹಿಡಿದು ಜೋತುಬಿದ್ದೆ. ಮೊಣಕೈಯಿಂದ ಎದೆಗೆ ಗುದ್ದಿದ, ನಾನು ಟೇಬಲ್ಲಿನ ಮೇಲೆ ಬಿದ್ದೆ, ಉಸಿರು ಸಿಕ್ಕಿಕೊಂಡಿತು. ಅವಳು ನೆಲಕ್ಕೆ ಕುಸಿದಿದ್ದಳು, ತುಟಿ ಸೀಳಿ ಗಲ್ಲದವರೆಗೆ ರಕ್ತ. ಆದರೂ ಬಾಯಿ ಮುಚ್ಚಲಿಲ್ಲ. ಅದು ಮಾತು ಕಲೀತಿದೆ, ಕೇಳಿಸ್ಕೊಳ್ಳಿ, ಒಂದ್ಸಲ ಕೇಳಿಸ್ಕೊಳ್ಳಿ ಎನ್ನುತ್ತಲೇ ಇದ್ದಳು. ಅವನು ಜುಟ್ಟು ಹಿಡಿದು ಪ್ರತಿ ಮಾತಿಗೂ ಒಂದೊಂದು ಕೊಡುತ್ತಿದ್ದ. ಬಾಯ್ಮುಚ್ಚೇ, ಬಾಯ್ಮುಚ್ಚೇ.

ಅಷ್ಟರಲ್ಲಿ ಮಗು ಎದ್ದಿತು. ಹಣೆಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಗೆರೆ ಮೂಡಿತ್ತು. ಅಳುತ್ತಿರಲಿಲ್ಲ. ನೆಟ್ಟಗೆ ತಾಯಿಯ ಹತ್ತಿರ ನಡೆದುಬಂತು. ಅವಳು ಕೈ ಚಾಚಿದಳು. ಮಗು ತನ್ನ ಪುಟ್ಟ ಕೈಯನ್ನು ಮೇಲಕ್ಕೆತ್ತಿ, ಒಡೆದ ಆ ಬಾಯಿಯ ಮೇಲೆ ಪಟ್ಟನೆ ಹೊಡೆದು, 'ಬಾಮುಚ್ಚೇ' ಎಂದಿತು.

ತಮ್ಮನ ಕೈ ಗಾಳಿಯಲ್ಲೇ ನಿಂತಿತು.

'ಮಾತು ಬಂತು ಕಣೋ. ನನ್ನಪ್ಪ ಮಾತಾಡ್ದ' ಎಂದಳು ಅವ್ವ, ಅಳುತ್ತ. ಓಡಿಹೋಗಿ ಉಪ್ಪು ಮೆಣಸಿನಕಾಯಿ ತಂದು ಮೊಮ್ಮಗನಿಗೆ ದೃಷ್ಟಿ ತೆಗೆದಳು. ತಮ್ಮ ಹೆಂಡತಿಯ ಜುಟ್ಟು ಬಿಟ್ಟು ಮಗನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅವ್ವನ ಎದುರಿಗೆ ಅವನು ಮಗನನ್ನು ಎತ್ತಿಕೊಂಡದ್ದು ಅವತ್ತೇ ಮೊದಲು. ಅವನ ಕಣ್ಣಲ್ಲೂ ನೀರಿತ್ತು, ಸುಳ್ಳು ಹೇಳಬಾರದು. ಇನ್ನೊಂದ್ಸಲ ಹೇಳು ಮಗನೇ, ಅಮ್ಮಂಗೆ ಹೇಳು ಎಂದ. ಮಗು ಹೇಳಿತು. ಅವನು ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಮಗು ನಕ್ಕಿತು. ಹುಟ್ಟಿದಾಗಿನಿಂದ ಅಪ್ಪನ ಕೈಯಲ್ಲಿ ಏಟು ತಿಂದ ಮಗು ಆ ಒಂದು ಮಾತಿಗೆ ಮುತ್ತು ಪಡೆಯಿತು. ಹಾಗೇ ಅವನೂ ಅವ್ವನೂ ಬೀದಿಗಿಳಿದು ಮೈಸೂರುಪಾಕಿನ ಡಬ್ಬ ತಂದು, ಮಹಡಿ ಮಹಡಿಗೂ ಹತ್ತಿ ಬಾಡಿಗೆಯವರಿಗೆಲ್ಲ ಹಂಚಿದರು. ಪ್ರತಿ ಬಾಗಿಲಲ್ಲೂ ಮಗುವಿನಿಂದ ಅದನ್ನೇ ಹೇಳಿಸಿದರು. ಎಲ್ಲರೂ ನಕ್ಕರು, ಗಂಡಸಾದ ಬಿಡಿ ಎಂದರು.

ನಾನು ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಮುಖ ತೊಳೆಸಿದೆ. ಒಂದು ಹಲ್ಲು ಅಲ್ಲಾಡುತ್ತಿತ್ತು. ಮೆಟ್ಟಿಲ ಮೇಲಿನಿಂದ ಮಗುವಿನ ದನಿ ಇಳಿದು ಬರುತ್ತಿತ್ತು, ಮತ್ತೆ ಮತ್ತೆ ಅದೇ ಮಾತು, ಹಿಂದೆಯೇ ಚಪ್ಪಾಳೆ. ಅವಳು ರಕ್ತ ಉಗುಳಿ, ನಲ್ಲಿ ನಿಲ್ಲಿಸಿ, ಬಹಳ ಸ್ಪಷ್ಟವಾಗಿ ಹೇಳಿದಳು.

'ಅಕ್ಕಾ, ಅದಕ್ಕೆ ಬೇರೆ ಮಾತು ಕಲಿಸ್ಬೇಕು. ಇದು ಗಟ್ಟಿಯಾಗೋದ್ರೊಳಗೆ ಕಲಿಸ್ಬೇಕು.'

ಸಂಜೆ ಅವನು ವ್ಯಾನು ಹತ್ತಿ ಕೆಲಸಕ್ಕೆ ಹೋದ ಮೇಲೆ ಅವಳು ಉಟ್ಟ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಅವ್ವ ತಡೆಯಲಿಲ್ಲವಂತೆ, ಹೊಲಿಗೆಗೆ ಹೋಗುತ್ತಿದ್ದಾಳೆ ಅಂದುಕೊಂಡಳೋ, ಅಥವಾ ನಿಜ ತಿಳಿದೂ ಸುಮ್ಮನಿದ್ದಳೋ, ನನಗೆ ಈಗಲೂ ಗೊತ್ತಿಲ್ಲ.

ಬೆಳಿಗ್ಗೆ ತಮ್ಮ ಛತ್ರದಿಂದ ನೇರ ಬಂದ. ಬಾಗಿಲು ಒದ್ದೇ ಒಳಗೆ ಬಂದ, ಮೈಯೆಲ್ಲ ಸುಗಂಧರಾಜದ ವಾಸನೆ. ನನ್ನ ಕಡೆ ನೋಡಲೂ ಇಲ್ಲ. ಅವಳ ಕೂದಲು ಮುಂಗೈಗೆ ಸುತ್ತಿಕೊಂಡು ನೆಲದ ಮೇಲೆ ಎಳೆದ. ಅವಳು ಮಿಷನ್ನಿನ ಕಾಲು ಹಿಡಿದುಕೊಂಡಳು, ಮಿಷನ್ನೇ ಜರುಗಿತು. ನನಗೆ ಆಮೇಲೆ ಯೋಚನೆ ಅನ್ನುವುದೇ ಇರಲಿಲ್ಲ. ಬಟ್ಟೆ ಅಳೆಯುವ ಮರದ ಸ್ಕೇಲು ಕೈಗೆ ಸಿಕ್ಕಿತು, ಅವನ ಭುಜಕ್ಕೆ ಬೀಸಿದೆ. ಮುರಿಯಿತು. ಉಳಿದ ಅರ್ಧದಿಂದ ಮುಖಕ್ಕೆ ಬೀಸಿದೆ. ಕಿವಿಯ ಪಕ್ಕದಲ್ಲಿ ಚರ್ಮ ಕಿತ್ತು ರಕ್ತ ಇಳಿಯಿತು. ಅವನು ಕೂದಲು ಬಿಟ್ಟ. ಮತ್ತೆ ಬೀಸಿದೆ, ಮತ್ತೆ. ಅಪ್ಪ ನನಗೆ ಕಲಿಸಿದ್ದನ್ನೆಲ್ಲ ಅವನಿಗೆ ವಾಪಸ್ಸು ಕೊಟ್ಟೆ. ನನಗೆ ಅದಕ್ಕೆ ಪಶ್ಚಾತ್ತಾಪವಿಲ್ಲ. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಪೊಲೀಸಿಗೆ ಫೋನ್ ಮಾಡುತ್ತಿರುವುದು ಕೇಳಿದ ಮೇಲೆ ಅವನು ಹೊರಟ. ಸಂಸಾರ ಒಡೆದವಳೇ, ನಿನ್ನ ಹೆಣಕ್ಕೂ ಬರಲ್ಲ ಎಂದು ಬೀದಿ ಕೊನೆಯವರೆಗೂ ಕೂಗುತ್ತ ಹೋದ.

ತಿರುಗಿ ನೋಡಿದರೆ ಮಗು ಕಟಿಂಗ್ ಟೇಬಲ್ಲಿನ ಕೆಳಗಿನಿಂದ ನನ್ನ ಕೈಯನ್ನೇ ನೋಡುತ್ತಿತ್ತು. ಎಷ್ಟು ಹೊತ್ತಿನಿಂದ ನೋಡುತ್ತಿತ್ತೋ. ನನ್ನ ಕೈಯಲ್ಲಿ ಮುರಿದ ಸ್ಕೇಲು ಇನ್ನೂ ಇತ್ತು, ತುದಿಯಲ್ಲಿ ಮಗುವಿನ ಅಪ್ಪನ ರಕ್ತ. ನಾನು ಅದನ್ನು ಬಿಸಾಡಿದೆ. ಬೈಗುಳಕ್ಕೆ, ಬುದ್ಧಿ ಹೇಳುವುದಕ್ಕೆ, ಗಿರಾಕಿಗಳಿಗೆ, ಎಲ್ಲದಕ್ಕೂ ಮಾತಿದ್ದ ನನಗೆ ಆಗ ಆ ಮಗುವಿಗೆ ಹೇಳಲು ಒಂದು ಮಾತೂ ಸಿಗಲಿಲ್ಲ.

ಅದು ಹೊರಗೆ ಬಂತು. ತಾಯಿ ನೆಲದ ಮೇಲೆ ಕೂತು ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಎದುರಿಗೆ ನಿಂತು ಕೈ ಎತ್ತಿತು, ಅವಳ ಬಾಯಿಗೆ ಹೊಡೆಯಿತು, 'ಬಾಮುಚ್ಚೇ' ಎಂದಿತು. ಆಮೇಲೆ ನಮ್ಮಿಬ್ಬರ ಮುಖವನ್ನೂ ನೋಡಿತು. ಮುತ್ತಿಗೆ ಕಾಯುತ್ತಿತ್ತು.

ನಾನು ಮುಂದೆ ಹೋಗಲಿದ್ದೆ. ಅವಳು ಬೇಡ ಎಂದು ಕಣ್ಣಲ್ಲೇ ತಡೆದಳು. ಹೊಡೆದ ಆ ಕೈಯನ್ನು ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು.

'ಇದು ಕೈ' ಎಂದಳು. 'ಕೈ. ಮಗೂದು ಕೈ.'

ಮಗು ಕೈ ಕಿತ್ತುಕೊಂಡು ಇನ್ನೊಂದು ಕೈಯಿಂದ ಹೊಡೆಯಿತು. ತುಟಿ ಮತ್ತೆ ಒಡೆಯಿತು. ಅವಳು ಆ ಕೈಯನ್ನೂ ಹಿಡಿದುಕೊಂಡಳು. 'ಇದೂ ಕೈ' ಎಂದಳು. 'ಇದು ಬೆರಳು. ಇದು ಅಮ್ಮನ ಬಾಯಿ. ಅಮ್ಮಂಗೆ ನೋಯ್ತು.' ಮಗು ಮತ್ತೆ ಹೊಡೆಯಿತು. ಅವಳು ಮೊದಲಿನಿಂದ ಹೇಳಲು ಶುರುಮಾಡಿದಳು.